ಗಡಿ ದಾಟಿದ ದಿನದ ಲೆಕ್ಕ: ವಿದೇಶದಲ್ಲಿ ನೆಲೆಸಿದ ಅಮೆರಿಕನ್ ಪೌರರ ತೆರಿಗೆ ನಿವಾಸ

ಜಗತ್ತಿನ ಬಹುತೇಕ ರಾಷ್ಟ್ರಗಳಲ್ಲಿ ವ್ಯಕ್ತಿಯ ಆದಾಯ ತೆರಿಗೆಯ ಹೊಣೆಯು ಅವನು ಎಲ್ಲಿ ವಾಸಿಸುತ್ತಾನೆಂಬುದನ್ನು ಅವಲಂಬಿಸಿರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನವು ಇದಕ್ಕೆ ಪ್ರಮುಖ ಅಪವಾದ. ಅಲ್ಲಿಯ ಪೌರನು ಜಗತ್ತಿನ ಯಾವ ಮೂಲೆಯಲ್ಲಿ ನೆಲೆಸಿದ್ದರೂ ತನ್ನ ಸಮಗ್ರ ಆದಾಯವನ್ನು ಆ ದೇಶಕ್ಕೆ ಪ್ರತಿವರ್ಷ ಘೋಷಿಸಬೇಕು. ಗ್ರೀನ್ ಕಾರ್ಡ್ ಹೊಂದಿರುವವರಿಗೂ ಸಾಮಾನ್ಯವಾಗಿ ಇದೇ ನಿಯಮ. ಹೀಗಿರುವಾಗ, ವಿದೇಶದಲ್ಲಿ ನೆಲೆಸಿದ ಅಮೆರಿಕನ್ನನೊಬ್ಬನು ಒಂದೆರಡು ಗಂಟೆಗಳ ಮಟ್ಟಿಗೆ ತಾಯ್ನಾಡಿನ ಗಡಿ ದಾಟಿ ಬಂದರೆ ತೆರಿಗೆಯ ದೃಷ್ಟಿಯಿಂದ ಏನಾಗುತ್ತದೆ? ಏನೂ ಆಗದು ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಇಂತಹ ಅಲ್ಪಾವಧಿಯ ಪ್ರಯಾಣಗಳೇ ಲಕ್ಷಾಂತರ ಡಾಲರುಗಳ ವಿನಾಯಿತಿಯನ್ನು ಉಳಿಸಬಲ್ಲವು ಅಥವಾ ಕಳೆಯಬಲ್ಲವು. ಅಮೆರಿಕದಿಂದ ಬೆಂಗಳೂರಿಗೆ ಮರಳಿ ನೆಲೆಸಿ ಅಲ್ಲಿಯ ಪೌರತ್ವವನ್ನು ಉಳಿಸಿಕೊಂಡಿರುವ ಬಂಧುಗಳೋ ಪಾಲುದಾರರೋ ಇರುವ ವ್ಯಾಪಾರ ಕುಟುಂಬಗಳು ಈ ಲೆಕ್ಕವನ್ನು ಅರಿತಿರುವುದು ಅಗತ್ಯ.

ಪೌರತ್ವವೇ ತೆರಿಗೆಯ ಬುನಾದಿ

ಪೌರತ್ವವನ್ನು ಆಧರಿಸಿದ ಈ ತೆರಿಗೆಯ ಸಿಂಧುತ್ವವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1924ರಲ್ಲಿ ಕುಕ್ ವಿರುದ್ಧ ಟೇಟ್ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಅರ್ಜಿದಾರನಾದ ಕುಕ್ ಅಮೆರಿಕದ ಪೌರ; ವಾಸ ಮೆಕ್ಸಿಕೋ ನಗರದಲ್ಲಿ; ಆದಾಯ ಬರುತ್ತಿದ್ದುದೂ ಮೆಕ್ಸಿಕೋದಲ್ಲಿದ್ದ ಆಸ್ತಿಯಿಂದ. ಆದರೂ ತೆರಿಗೆ ಸಲ್ಲತಕ್ಕದ್ದೆಂದು ತೀರ್ಪಾಯಿತು. ಪೌರತ್ವದ ರಕ್ಷಣೆಯು ಗಡಿಯಾಚೆಗೂ ವ್ಯಾಪಿಸುತ್ತದೆ, ಆದುದರಿಂದ ತೆರಿಗೆಯ ಅಧಿಕಾರವೂ ವ್ಯಾಪಿಸುತ್ತದೆ ಎಂಬುದು ಆ ತೀರ್ಪಿನ ಸಾರ. ಭಾರತ ಮತ್ತು ಅಮೆರಿಕ 1989ರ ಸೆಪ್ಟೆಂಬರ್ 12ರಂದು ಸಹಿ ಮಾಡಿದ ದ್ವಿತೆರಿಗೆ ನಿವಾರಣಾ ಒಪ್ಪಂದದಲ್ಲಿಯೂ ತನ್ನ ಪೌರರಿಗೆ ತೆರಿಗೆ ವಿಧಿಸುವ ಈ ಹಕ್ಕನ್ನು ಅಮೆರಿಕವು ಕಾಯ್ದಿರಿಸಿಕೊಂಡಿದೆ.

ಆದ್ದರಿಂದ ಮೊದಲು ಸ್ಪಷ್ಟಪಡಿಸಿಕೊಳ್ಳಬೇಕಾದ ಅಂಶವಿದು: ಗಡಿ ದಾಟುವುದರಿಂದ ಅಮೆರಿಕನ್ ಪೌರನ ತೆರಿಗೆಯ ಹೊಣೆ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ. ಬದಲಾಗುವುದು ಅವನು ಪಡೆಯಬಹುದಾದ ವಿನಾಯಿತಿಯ ಅರ್ಹತೆ ಮಾತ್ರ.

ವಿನಾಯಿತಿಯ ಸ್ವರೂಪ

ಅಮೆರಿಕದ ಆಂತರಿಕ ಕಂದಾಯ ಸಂಹಿತೆಯ 911ನೆಯ ಪರಿಚ್ಛೇದವು ವಿದೇಶದಲ್ಲಿ ದುಡಿದು ಗಳಿಸಿದ ಆದಾಯವನ್ನು ಒಂದು ಮಿತಿಯವರೆಗೆ ತೆರಿಗೆಯಿಂದ ಹೊರಗಿಡಲು ಅವಕಾಶ ನೀಡುತ್ತದೆ. ಈ ಮಿತಿಯು 2024ರ ವರ್ಷಕ್ಕೆ 1,26,500 ಡಾಲರ್ ಇದ್ದು, 2025ಕ್ಕೆ 1,30,000 ಡಾಲರಿಗೆ ಏರಿತು. ಬೆಲೆಯೇರಿಕೆಗೆ ಅನುಗುಣವಾಗಿ ಇದನ್ನು ವರ್ಷವರ್ಷವೂ ಪರಿಷ್ಕರಿಸಲಾಗುತ್ತದೆ. ಸಂಬಳ, ವೃತ್ತಿಶುಲ್ಕ ಮೊದಲಾದ ಶ್ರಮದ ಪ್ರತಿಫಲಕ್ಕಷ್ಟೇ ಈ ಸೌಲಭ್ಯ. ಬಡ್ಡಿ, ಲಾಭಾಂಶ, ಬಾಡಿಗೆ, ಪಿಂಚಣಿ ಹಾಗೂ ಬಂಡವಾಳ ಲಾಭಗಳಿಗೆ ಇದು ಅನ್ವಯಿಸದು.

ವಿನಾಯಿತಿ ಬೇಕೆನ್ನುವವನು ಎರಡು ಷರತ್ತುಗಳನ್ನು ಪೂರೈಸಬೇಕು. ಮೊದಲನೆಯದಾಗಿ ಅವನ ತೆರಿಗೆ ನೆಲೆ, ಅಂದರೆ ಅವನ ಮುಖ್ಯ ವ್ಯವಹಾರ ಅಥವಾ ಉದ್ಯೋಗದ ಸ್ಥಳ, ವಿದೇಶದಲ್ಲಿರಬೇಕು. ಅವನ ವಾಸದ ಮನೆ ಅಮೆರಿಕದಲ್ಲಿರಕೂಡದು. ಎರಡನೆಯದಾಗಿ ಅವನು ಎರಡು ಪರೀಕ್ಷೆಗಳ ಪೈಕಿ ಒಂದರಲ್ಲಿ ತೇರ್ಗಡೆಯಾಗಬೇಕು. ಒಂದು, ಭೌತಿಕ ಉಪಸ್ಥಿತಿಯ ಪರೀಕ್ಷೆ: ನಿರಂತರ 12 ತಿಂಗಳ ಅವಧಿಯಲ್ಲಿ 330 ಪೂರ್ಣ ದಿನಗಳು ವಿದೇಶದಲ್ಲಿ ಇದ್ದಿರಬೇಕು. ಇನ್ನೊಂದು, ಪ್ರಾಮಾಣಿಕ ನಿವಾಸದ ಪರೀಕ್ಷೆ: ಇಡೀ ಒಂದು ತೆರಿಗೆ ವರ್ಷವನ್ನು ಒಳಗೊಂಡ ಅಖಂಡ ಅವಧಿಗೆ ಅವನು ವಿದೇಶದ ನಿಜವಾದ ನಿವಾಸಿಯಾಗಿರಬೇಕು. ಅಲ್ಪಾವಧಿಯ ಪ್ರಯಾಣಗಳು ಈ ಎರಡು ಪರೀಕ್ಷೆಗಳನ್ನು ತೀರ ಭಿನ್ನವಾಗಿ ಬಾಧಿಸುತ್ತವೆ.

ಪೂರ್ಣ ದಿನ ಎಂದರೇನು

ಭೌತಿಕ ಉಪಸ್ಥಿತಿಯ ಪರೀಕ್ಷೆಯಲ್ಲಿ ಪೂರ್ಣ ದಿನವೆಂದರೆ ನಡುರಾತ್ರಿಯಿಂದ ಆರಂಭವಾಗುವ ನಿರಂತರ 24 ಗಂಟೆಗಳು. ಈ 24 ಗಂಟೆಗಳಲ್ಲಿ ಕೆಲವೇ ನಿಮಿಷಗಳನ್ನು ಅಮೆರಿಕದ ನೆಲದಲ್ಲಿ ಕಳೆದರೂ ಆ ದಿನವು ಲೆಕ್ಕದಿಂದ ಹೊರಬೀಳುತ್ತದೆ. ಸಾಮಾನ್ಯ ವರ್ಷದಲ್ಲಿ 365 ದಿನಗಳಿರುವುದರಿಂದ ತೆರಿಗೆದಾರನಿಗೆ ಸಿಗುವ ಸಡಿಲಿಕೆ ಕೇವಲ 35 ದಿನಗಳದು.

ಕೆನಡಾದ ವಿಂಡ್ಸರ್ ಹಾಗೂ ಅಮೆರಿಕದ ಡೆಟ್ರಾಯಿಟ್ ನಗರಗಳ ನಡುವೆ ಇರುವುದು ಒಂದು ನದಿ ಮಾತ್ರ. ಸೇತುವೆಯ ಮೇಲೆ ಅಥವಾ ಸುರಂಗದ ಮೂಲಕ ಕೆಲವೇ ನಿಮಿಷಗಳಲ್ಲಿ ದಾಟಬಹುದು. ವಿಂಡ್ಸರಿನಲ್ಲಿ ಮನೆ ಮತ್ತು ಉದ್ಯೋಗ ಎರಡನ್ನೂ ಹೊಂದಿರುವ ಅಮೆರಿಕನ್ನನೊಬ್ಬನು ಪ್ರತಿ ಶನಿವಾರ ಎರಡು ಗಂಟೆ ಡೆಟ್ರಾಯಿಟಿಗೆ ಹೋಗಿ ಸಾಮಾನು ಕೊಂಡು ಮರಳುತ್ತಾನೆಂದು ಭಾವಿಸೋಣ. 52 ವಾರಗಳಲ್ಲಿ ಅವನು ಅಮೆರಿಕದಲ್ಲಿ ಕಳೆದ ಕಾಲ 104 ಗಂಟೆ, ಅಂದರೆ ನಾಲ್ಕು ದಿನಗಳಿಗಿಂತ ಸ್ವಲ್ಪ ಹೆಚ್ಚು. ಆದರೆ ಅವನು ಕಳೆದುಕೊಂಡ ಪೂರ್ಣ ದಿನಗಳು 52. ಉಳಿಯುವುದು 313. ಪರೀಕ್ಷೆಗೆ 17 ದಿನಗಳ ಕೊರತೆ.

ಅದೇ ಊರಿನ ಇನ್ನೊಬ್ಬನು ವಾರದ ಪ್ರಯಾಣಗಳನ್ನು ಬಿಟ್ಟು, ಜೂನ್ 1ರ ಸಂಜೆ ಅಮೆರಿಕಕ್ಕೆ ಹೋಗಿ ಜೂನ್ 30ರ ಬೆಳಗ್ಗೆ ಮರಳಿದರೆ ಅವನು ಕಳೆದುಕೊಳ್ಳುವುದು 30 ದಿನ. ಉಳಿಯುವುದು 335. ಅವನು ತೇರ್ಗಡೆಯಾಗುತ್ತಾನೆ. ಸುಮಾರು ಒಂದು ತಿಂಗಳು ಅಮೆರಿಕದಲ್ಲಿದ್ದವನಿಗೆ ವಿನಾಯಿತಿ ದೊರೆಯಿತು. ಒಟ್ಟು ನಾಲ್ಕು ದಿನಗಳಿಗಿಂತ ಸ್ವಲ್ಪ ಹೆಚ್ಚು ಕಾಲವಿದ್ದವನಿಗೆ ಈ ಪರೀಕ್ಷೆಯಡಿ ದೊರೆಯಲಿಲ್ಲ. ಇಲ್ಲಿ ನಿರ್ಣಾಯಕವಾದುದು ಗಂಟೆಗಳ ಮೊತ್ತವಲ್ಲ, ಗಡಿಯ ಸಂಪರ್ಕಕ್ಕೆ ಬಂದ ದಿನಾಂಕಗಳ ಸಂಖ್ಯೆ. ಸಂಜೆ ಹೋಗಿ ಮರುದಿನ ಬೆಳಗ್ಗೆ ಮರಳುವವನು ಒಂದೇ ರಾತ್ರಿಗೆ ಎರಡು ದಿನಗಳನ್ನು ತೆರುತ್ತಾನೆಂಬುದನ್ನೂ ಗಮನಿಸತಕ್ಕದ್ದು.

ಯಾವ ಗಡಿ ಲೆಕ್ಕಕ್ಕೆ ಬರುತ್ತದೆ

330 ದಿನಗಳನ್ನು ಒಂದೇ ವಿದೇಶದಲ್ಲಿ ಕಳೆಯಬೇಕೆಂದಿಲ್ಲ. ಸತತವಾಗಿ ಕಳೆಯಬೇಕೆಂದೂ ಇಲ್ಲ. ದುಬೈಯಲ್ಲಿರುವ ಅಮೆರಿಕನ್ನನು ರಸ್ತೆಯ ಮೂಲಕ ಒಮಾನಿಗೆ ಹೋಗಿ ಬಂದರೆ ಒಂದು ದಿನವೂ ನಷ್ಟವಾಗದು. ವಿದೇಶದಲ್ಲಿ ವಿಹಾರಕ್ಕೆಂದು ಕಳೆದ ದಿನಗಳೂ ಸೇರುತ್ತವೆ. ಆದರೆ ಪೋರ್ಟೊ ರಿಕೊ, ಗುವಾಮ್, ಅಮೆರಿಕನ್ ವರ್ಜಿನ್ ದ್ವೀಪಗಳು ಅಮೆರಿಕದ ಅಧೀನ ಪ್ರದೇಶಗಳಾದುದರಿಂದ ವಿದೇಶವೆನಿಸುವುದಿಲ್ಲ. ಅಂತಾರಾಷ್ಟ್ರೀಯ ಜಲಪ್ರದೇಶವೂ ಅಂಟಾರ್ಕ್‌ಟಿಕವೂ ಯಾವ ದೇಶದ ಆಡಳಿತಕ್ಕೂ ಒಳಪಡದ ಕಾರಣ ಅವೂ ವಿದೇಶವಲ್ಲ.

ವಿಮಾನ ಪ್ರಯಾಣಿಕರಿಗೆ ಒಂದೆರಡು ವಿಶೇಷ ನಿಯಮಗಳಿವೆ. ಮಾರ್ಚ್ 3ರ ರಾತ್ರಿ ನ್ಯೂಯಾರ್ಕಿನಿಂದ ಹೊರಟು 4ರ ಬೆಳಗ್ಗೆ ಪ್ಯಾರಿಸ್ ತಲುಪಿದವನಿಗೆ ಮೊದಲ ಪೂರ್ಣ ದಿನವೆಂದರೆ ಮಾರ್ಚ್ 5. ಎರಡು ವಿದೇಶಗಳ ನಡುವೆ ಸಮುದ್ರದ ಮೇಲೆ ಸಾಗುವ ಪ್ರಯಾಣ 24 ಗಂಟೆಗಳ ಒಳಗೆ ಮುಗಿದರೆ ದಿನ ನಷ್ಟವಾಗುವುದಿಲ್ಲ. ಹಡಗಿನ ಪ್ರಯಾಣ ಅದನ್ನು ಮೀರಿದರೆ ಆಗುತ್ತದೆ. ವಿದೇಶದ ಒಂದು ಊರಿನಿಂದ ವಿದೇಶದ ಇನ್ನೊಂದು ಊರಿಗೆ ಹೋಗುವಾಗ ಮಾರ್ಗಮಧ್ಯೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ 24 ಗಂಟೆಗಳಿಗಿಂತ ಕಡಿಮೆ ಅವಧಿ ತಂಗಿದರೆ ಅವನು ಅಮೆರಿಕದಲ್ಲಿ ಇದ್ದನೆಂದು ಪರಿಗಣಿಸುವುದಿಲ್ಲ. ಟೊರಾಂಟೊದಿಂದ ಮಯಾಮಿಯ ಮೂಲಕ ಮೆಕ್ಸಿಕೋಗೆ ಹೋಗುವವನಿಗೆ ಈ ರಕ್ಷಣೆಯಿದೆ. ಡೆಟ್ರಾಯಿಟಿನಲ್ಲಿ ಸಾಮಾನು ಕೊಂಡು ವಿಂಡ್ಸರಿಗೇ ಮರಳುವವನಿಗೆ ಇಲ್ಲ. ಏಕೆಂದರೆ ಅವನ ಗಮ್ಯವೇ ಅಮೆರಿಕವಾಗಿತ್ತು.

ಒಂದು ದಿನದ ಕೊರತೆಯ ಬೆಲೆ

ಈ ಪರೀಕ್ಷೆಯಲ್ಲಿ ಅರ್ಧ ಅಂಕಗಳೆಂಬುದಿಲ್ಲ. ಆಯ್ದುಕೊಂಡ 12 ತಿಂಗಳಲ್ಲಿ 329 ದಿನಗಳಾದರೆ ಆ ಅವಧಿಯು ಸಂಪೂರ್ಣವಾಗಿ ಅನರ್ಹ. ದುಬೈಯಂತಹ ವೈಯಕ್ತಿಕ ಆದಾಯ ತೆರಿಗೆಯಿಲ್ಲದ ಸ್ಥಳದಲ್ಲಿ 2025ರಲ್ಲಿ 1,20,000 ಡಾಲರ್ ಸಂಬಳ ಪಡೆದವನಿಗೆ ವಿನಾಯಿತಿ ದೊರೆತರೆ ಇಡೀ ಸಂಬಳ ತೆರಿಗೆಯಿಂದ ಹೊರಗುಳಿಯುತ್ತದೆ; ತಪ್ಪಿದರೆ ಇಡೀ ಸಂಬಳ ಒಳಬರುತ್ತದೆ. ಅಲ್ಲಿ ತೆರಿಗೆಯನ್ನೇ ಕಟ್ಟಿರದ ಕಾರಣ ಜಮೆಗೆ ಹಿಡಿಯಲೂ ಏನೂ ಇರುವುದಿಲ್ಲ.

ಸಮಾಧಾನದ ಸಂಗತಿಯೆಂದರೆ 12 ತಿಂಗಳ ಅವಧಿಯನ್ನು ಜನವರಿಯಿಂದಲೇ ಎಣಿಸಬೇಕಾಗಿಲ್ಲ. ಯಾವ ತಿಂಗಳ ಯಾವ ದಿನದಿಂದಲಾದರೂ ಆರಂಭಿಸಬಹುದು; ಒಂದು ಅವಧಿ ಇನ್ನೊಂದರ ಮೇಲೆ ಹಾಯ್ದಿರಲೂಬಹುದು. ವರ್ಷದ ಎಷ್ಟು ದಿನಗಳು ಆ ಅವಧಿಯೊಳಗೆ ಬೀಳುತ್ತವೋ ಆ ಪ್ರಮಾಣದಲ್ಲಿ ಮಿತಿ ನಿಗದಿಯಾಗುತ್ತದೆ.

ಉದಾಹರಣೆಗೆ, ಅಮೆರಿಕನ್ ಪೌರನೊಬ್ಬನು ಬೆಂಗಳೂರಿಗೆ ಬಂದು ನೆಲೆಸಿದ್ದು, ಇಲ್ಲಿಯ ಮೊದಲ ಪೂರ್ಣ ದಿನ 2024ರ ಜುಲೈ 1 ಆಗಿತ್ತೆಂದೂ ಆಮೇಲೆ ಅವನು ಭಾರತದಿಂದ ಹೊರಗೆ ಹೋಗಲಿಲ್ಲವೆಂದೂ ಇಟ್ಟುಕೊಳ್ಳೋಣ. ಜುಲೈ 1ರಿಂದಲೇ ಅವಧಿ ಎಣಿಸಿದರೆ 2024ರಲ್ಲಿ 184 ದಿನಗಳು ಒಳಬರುತ್ತವೆ. 366 ದಿನಗಳ ಆ ವರ್ಷಕ್ಕೆ ಅವನ ಮಿತಿ ಸುಮಾರು 63,596 ಡಾಲರ್. ಆದರೆ ಅವನ 330ನೆಯ ಪೂರ್ಣ ದಿನ 2025ರ ಮೇ 26ಕ್ಕೇ ಮುಗಿಯುತ್ತದೆ. ಅಂದಿಗೆ ಕೊನೆಗೊಳ್ಳುವ 12 ತಿಂಗಳು ಆರಂಭವಾಗುವುದು 2024ರ ಮೇ 27ರಂದು. ಈ ಅವಧಿಯನ್ನು ಆಯ್ದುಕೊಂಡರೆ 219 ದಿನಗಳು ಒಳಬಂದು ಮಿತಿಯು ಸುಮಾರು 75,693 ಡಾಲರಿಗೆ ಏರುತ್ತದೆ. ಸಡಿಲಿಕೆಯ 35 ದಿನಗಳನ್ನು ಪ್ರಯಾಣಕ್ಕೆ ವ್ಯಯಿಸದೆ ಉಳಿಸಿದ್ದರಿಂದ ದೊರೆತ ಲಾಭವಿದು. ಆದರೆ ಹೊರಗಿಡಲು ಸಾಧ್ಯವಿರುವುದು ವಿದೇಶದಲ್ಲಿ ದುಡಿದ ಆದಾಯವನ್ನಷ್ಟೇ ಎಂಬುದು ಇಲ್ಲಿಯೂ ಅನ್ವಯ.

ಯುದ್ಧ ಅಥವಾ ನಾಗರಿಕ ಕ್ಷೋಭೆಯ ಕಾರಣ ದೇಶ ಬಿಡಬೇಕಾಗಿ ಬಂದವರಿಗೆ ಕಾನೂನಿನಲ್ಲಿ ರಿಯಾಯಿತಿಯಿದೆ. 2020ರ ಕೋವಿಡ್ ಕಾಲದಲ್ಲಿ ಇಂತಹ ರಿಯಾಯಿತಿಯನ್ನು ನಿರ್ದಿಷ್ಟ ಅವಧಿಗೆ ಇಡೀ ಜಗತ್ತಿಗೆ ವಿಸ್ತರಿಸಲಾಗಿತ್ತು. ಆದರೆ ಕುಟುಂಬದ ಕಾಯಿಲೆ, ಉದ್ಯೋಗದಾತನ ಆದೇಶ, ರದ್ದಾದ ವಿಮಾನ ಮುಂತಾದ ಕಾರಣಗಳಿಗೆ ರಿಯಾಯಿತಿಯಿಲ್ಲ.

ಪ್ರಾಮಾಣಿಕ ನಿವಾಸದ ಆಸರೆ

ದಿನಗಳ ಎಣಿಕೆಯಲ್ಲಿ ಸೋತವನಿಗೆ ಎರಡನೆಯ ಪರೀಕ್ಷೆ ಆಸರೆಯಾಗಬಲ್ಲದು. ಇಲ್ಲಿ ದಿನಗಳ ಸಂಖ್ಯೆಗಿಂತ ಬದುಕಿನ ನೆಲೆ ಮುಖ್ಯ. ಮನೆ, ಕುಟುಂಬ, ಉದ್ಯೋಗದ ಸ್ವರೂಪ, ತಂಗುವ ಉದ್ದೇಶ, ಸ್ಥಳೀಯ ತೆರಿಗೆ ಸಲ್ಲಿಕೆ ಇವೆಲ್ಲವನ್ನೂ ಒಟ್ಟಾಗಿ ತೂಗಲಾಗುತ್ತದೆ. ರಜೆಗೋ ವ್ಯವಹಾರಕ್ಕೋ ಅಲ್ಪಕಾಲ ಅಮೆರಿಕಕ್ಕೆ ಹೋಗಿ ಬಂದರೆ, ಮರಳುವ ಸ್ಪಷ್ಟ ಉದ್ದೇಶವಿದ್ದಲ್ಲಿ, ನಿವಾಸವು ಭಂಗವಾಗದು. ಮೇಲೆ ಹೇಳಿದ ಶನಿವಾರದ ಪ್ರಯಾಣಿಕನು ವಿಂಡ್ಸರಿನಲ್ಲಿ ಕುಟುಂಬದೊಡನೆ ಅನೇಕ ವರ್ಷಗಳಿಂದ ನೆಲೆಸಿ ಕೆನಡಾದ ತೆರಿಗೆ ಕಟ್ಟುತ್ತಿದ್ದರೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಸಂಭವ ಹೆಚ್ಚು.

ಆದರೆ ಇದಕ್ಕೂ ಮಿತಿಗಳಿವೆ. ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಒಂದು ಇಡೀ ವರ್ಷ ಸೇರದ ಹೊರತು ಇದು ಲಭಿಸದು. ಹೊಸದಾಗಿ ಬಂದವನು ಮೊದಲ ವರ್ಷದಲ್ಲಿ ಕಾಯಬೇಕಾಗುತ್ತದೆ. ವಾಸಿಸುವ ದೇಶದ ಅಧಿಕಾರಿಗಳ ಮುಂದೆ ತಾನು ಅಲ್ಲಿಯ ನಿವಾಸಿಯಲ್ಲವೆಂದು ಹೇಳಿಕೆ ನೀಡಿ, ನಿವಾಸಿಗೆ ಸಲ್ಲುವ ತೆರಿಗೆಯಿಂದ ಪಾರಾದವನು ಅಮೆರಿಕದ ಮುಂದೆ ಪ್ರಾಮಾಣಿಕ ನಿವಾಸಿಯೆಂದು ವಾದಿಸಲಾಗದು. ಎರಡು ದೇಶಗಳಲ್ಲಿ ಎರಡು ಮಾತು ಸಲ್ಲದು.

ತೆರಿಗೆ ನೆಲೆಯ ಷರತ್ತು ಎರಡೂ ಪರೀಕ್ಷೆಗಳಿಗೆ ಸಮಾನ. ಡೆಟ್ರಾಯಿಟಿನಲ್ಲಿ ಮನೆಯಿಟ್ಟುಕೊಂಡು ದಿನವೂ ವಿಂಡ್ಸರಿಗೆ ಕೆಲಸಕ್ಕೆ ಹೋಗುವವನ ವಾಸ ಅಮೆರಿಕದಲ್ಲಿರುವುದರಿಂದ ಅವನಿಗೆ ವಿನಾಯಿತಿಯಿಲ್ಲ. ಮೆಕ್ಸಿಕೋದ ತಿಹುವಾನಾದಲ್ಲಿ ಅಗ್ಗದ ಬಾಡಿಗೆಗೆ ವಾಸಿಸುತ್ತ ದಿನವೂ ಗಡಿಯಾಚೆ ಸಾನ್ ಡಿಯಾಗೊದಲ್ಲಿ ದುಡಿಯುವವನಿಗೂ ಇಲ್ಲ. ಅವನ ಗಳಿಕೆಯೇ ಅಮೆರಿಕದ್ದು.

ಹೋದ ದಿನದ ಗಳಿಕೆ

ಅಲ್ಪಾವಧಿಯ ಪ್ರಯಾಣದ ಇನ್ನೊಂದು ಪರಿಣಾಮವನ್ನು ಅನೇಕರು ಕಡೆಗಣಿಸುತ್ತಾರೆ. ಆದಾಯವು ಯಾವ ದೇಶದ್ದೆಂಬುದನ್ನು ನಿರ್ಧರಿಸುವುದು ಹಣ ಜಮೆಯಾದ ಬ್ಯಾಂಕಲ್ಲ, ಕೆಲಸ ನಡೆದ ಸ್ಥಳ. ಬೆಂಗಳೂರಿನ ಕಂಪನಿಯೊಂದರ ಅಮೆರಿಕನ್ ಪೌರನಾದ ನಿರ್ದೇಶಕನು ವಸ್ತುಪ್ರದರ್ಶನಕ್ಕೆಂದು ಷಿಕಾಗೊದಲ್ಲಿ 10 ದಿನ ಕೆಲಸ ಮಾಡಿದರೆ, ವರ್ಷದ 250 ಕೆಲಸದ ದಿನಗಳಲ್ಲಿ 10 ದಿನಗಳ ಸಂಬಳ, ಅಂದರೆ ಶೇ. 4ರಷ್ಟು, ಅಮೆರಿಕದಲ್ಲಿ ಗಳಿಸಿದ್ದೆನಿಸುತ್ತದೆ. ಸಂಬಳ ಪೂರ್ತಿ ಬೆಂಗಳೂರಿನ ಖಾತೆಗೇ ಬಂದಿದ್ದರೂ ಆ ಭಾಗಕ್ಕೆ ವಿನಾಯಿತಿಯಿಲ್ಲ.

ವ್ಯಾಪಾರಿಗಳು ಮತ್ತು ಕಿರು ಉತ್ಪಾದಕರು ಇನ್ನೊಂದು ನಿಯಮವನ್ನು ವಿಶೇಷವಾಗಿ ಗಮನಿಸಬೇಕು. ಸರಕು, ಯಂತ್ರ ಮೊದಲಾದ ಬಂಡವಾಳವೂ ಲಾಭಕ್ಕೆ ಕಾರಣವಾಗುವ ವ್ಯವಹಾರಗಳಲ್ಲಿ ಮಾಲೀಕನ ಅಥವಾ ಪಾಲುದಾರನ ನಿವ್ವಳ ಲಾಭದ ಶೇ. 30ಕ್ಕಿಂತ ಹೆಚ್ಚಿನ ಭಾಗವನ್ನು ಶ್ರಮದ ಗಳಿಕೆಯೆಂದು ಪರಿಗಣಿಸುವಂತಿಲ್ಲ. 50,000 ಡಾಲರ್ ಲಾಭದ ಪಾಲು ಬಂದವನು 330 ದಿನಗಳನ್ನು ಚಾಚೂ ತಪ್ಪದೆ ಪೂರೈಸಿದ್ದರೂ ಹೊರಗಿಡಬಹುದಾದುದು ಹೆಚ್ಚೆಂದರೆ 15,000 ಡಾಲರ್. ಸ್ವಂತ ಉದ್ಯೋಗದವರ ಸಾಮಾಜಿಕ ಭದ್ರತಾ ತೆರಿಗೆಯೂ ಈ ವಿನಾಯಿತಿಯಿಂದ ಕಡಿಮೆಯಾಗದು.

ಪೌರರಲ್ಲದವರಿಗೆ ತಿರುವುಮುರುವು ಲೆಕ್ಕ

ಅಮೆರಿಕದ ಪೌರತ್ವವಾಗಲಿ ಗ್ರೀನ್ ಕಾರ್ಡಾಗಲಿ ಇಲ್ಲದ ವ್ಯಾಪಾರಿಗೆ ದಿನಗಳ ಲೆಕ್ಕ ಬೇರೆ ರೀತಿಯದು. ಅವನು ಪ್ರಸಕ್ತ ವರ್ಷದಲ್ಲಿ ಕನಿಷ್ಠ 31 ದಿನ ಅಲ್ಲಿದ್ದು, ಪ್ರಸಕ್ತ ವರ್ಷದ ಎಲ್ಲ ದಿನಗಳು, ಹಿಂದಿನ ವರ್ಷದ ದಿನಗಳ ಮೂರನೆಯ ಒಂದು ಭಾಗ, ಅದರ ಹಿಂದಿನ ವರ್ಷದ ಆರನೆಯ ಒಂದು ಭಾಗ ಇವು ಸೇರಿ 183 ತಲುಪಿದರೆ ತೆರಿಗೆ ನಿವಾಸಿಯೆನಿಸುತ್ತಾನೆ. ಮೂರು ವರ್ಷ ಸತತವಾಗಿ 122 ದಿನಗಳಂತೆ ಇದ್ದವನು ಸರಿಯಾಗಿ 183ನ್ನು ಮುಟ್ಟುತ್ತಾನೆ. 121 ದಿನಗಳಂತೆ ಇದ್ದವನು ಪಾರಾಗುತ್ತಾನೆ.

ಈ ಪರೀಕ್ಷೆಯಲ್ಲಿ ದಿನದ ಯಾವುದೇ ಅಂಶವನ್ನು ಅಮೆರಿಕದಲ್ಲಿ ಕಳೆದರೂ ಅದು ಸಾಮಾನ್ಯವಾಗಿ ಇಡೀ ದಿನವಾಗುತ್ತದೆ. ಕೆನಡಾ ಅಥವಾ ಮೆಕ್ಸಿಕೋದ ಮನೆಯಿಂದ ನಿಯತವಾಗಿ ಕೆಲಸಕ್ಕೆ ಬಂದುಹೋಗುವವರ ದಿನಗಳನ್ನೂ 24 ಗಂಟೆಗಳೊಳಗಿನ ಮಾರ್ಗಮಧ್ಯದ ತಂಗುವಿಕೆಯನ್ನೂ ಬಿಡಲಾಗುತ್ತದೆ. ಅದೇ ಎರಡು ಗಂಟೆಗಳ ಭೇಟಿಯು ಪೌರನಿಗೆ ವಿದೇಶದ ಒಂದು ದಿನವನ್ನು ಕಳೆಯುತ್ತದೆ. ಪೌರನಲ್ಲದವನಿಗೆ ಅಮೆರಿಕದ ಒಂದು ದಿನವನ್ನು ಕೂಡಿಸುತ್ತದೆ. ಎರಡು ಕಡೆಯಲ್ಲಿಯೂ ದಿನದ ತುಂಡು ಪ್ರಯಾಣಿಕನಿಗೆ ಪ್ರತಿಕೂಲವಾಗಿಯೇ ನಿಲ್ಲುತ್ತದೆ.

ಭಾರತದಲ್ಲಿ ನೆಲೆಸಿರುವವರಿಗೆ

ಬೆಂಗಳೂರಿನಲ್ಲಿ ನೆಲೆಸಿ ವರ್ಷಕ್ಕೆ 30-40 ದಿನ ಅಮೆರಿಕಕ್ಕೆ ಹೋಗಿ ಬರುವ ಪೌರನು ಭಾರತದ ತೆರಿಗೆ ನಿವಾಸವನ್ನು ಅದರಿಂದ ಕಳೆದುಕೊಳ್ಳುವುದಿಲ್ಲ. 1961ರ ಆದಾಯ ತೆರಿಗೆ ಅಧಿನಿಯಮದ 6ನೆಯ ಕಲಮಿನ 182 ದಿನಗಳ ಮೂಲ ನಿಯಮವನ್ನು 2026ರ ಏಪ್ರಿಲ್ 1ರಿಂದ ಜಾರಿಗೊಳ್ಳುವಂತೆ ರೂಪಿಸಲಾದ 2025ರ ಅಧಿನಿಯಮವೂ ಉಳಿಸಿಕೊಂಡಿದೆ. ಅಂದರೆ ಒಂದೇ ಪ್ರಯಾಣವು ಭಾರತದ ಲೆಕ್ಕದಲ್ಲಿ ನಗಣ್ಯವಾಗಿದ್ದು ಅಮೆರಿಕದ ಲೆಕ್ಕದಲ್ಲಿ ನಿರ್ಣಾಯಕವಾಗಬಹುದು.

ಭಾರತ, ಕೆನಡಾಗಳಂತೆ ಗಣನೀಯ ತೆರಿಗೆಯಿರುವ ದೇಶಗಳಲ್ಲಿ ವಿದೇಶಿ ತೆರಿಗೆ ಜಮೆ ಎಂಬ ಬೇರೊಂದು ಮಾರ್ಗವಿದೆ. ಇಲ್ಲಿ ಕಟ್ಟಿದ ತೆರಿಗೆಯನ್ನು ಅದೇ ಆದಾಯದ ಅಮೆರಿಕನ್ ತೆರಿಗೆಯಲ್ಲಿ ಕಳೆಯಲು ಅದು ಅವಕಾಶ ನೀಡುತ್ತದೆ. ಅದಕ್ಕೆ ದಿನಗಳ ಎಣಿಕೆಯ ಹಂಗಿಲ್ಲ. ಮೇಲ್ಮಟ್ಟದ ದರದಲ್ಲಿ ತೆರಿಗೆ ಕಟ್ಟುವವರಿಗೆ ಅದೇ ಮೇಲಾಗಬಹುದು. ವಿನಾಯಿತಿಯನ್ನು ಒಮ್ಮೆ ಆಯ್ದುಕೊಂಡು ಬಿಟ್ಟುಕೊಟ್ಟವನು ಇಲಾಖೆಯ ಒಪ್ಪಿಗೆಯಿಲ್ಲದೆ ಮುಂದಿನ ಐದು ವರ್ಷ ಮತ್ತೆ ಅದನ್ನು ಪಡೆಯಲಾರನು. ಆದುದರಿಂದ ಎರಡೂ ಲೆಕ್ಕಗಳನ್ನು ಮೊದಲೇ ಹಾಕಿ ನೋಡಿ ನಿರ್ಧರಿಸತಕ್ಕದ್ದು.

ದಿನಚರಿಯೇ ದಾಖಲೆ

ವಿನಾಯಿತಿಯು ತಾನಾಗಿ ಬರುವುದಿಲ್ಲ. ತೆರಿಗೆ ಶೂನ್ಯವಾಗುವುದಾದರೂ ವಿವರಪಟ್ಟಿ ಸಲ್ಲಿಸಿ, ಫಾರ್ಮ್ 2555ರಲ್ಲಿ ಅದನ್ನು ಕೋರಬೇಕು. ಪ್ರಯಾಣದ ದಿನಾಂಕಗಳು, ಅಮೆರಿಕದಲ್ಲಿ ವ್ಯವಹಾರಕ್ಕಾಗಿ ಕಳೆದ ದಿನಗಳು ಹಾಗೂ ಆ ದಿನಗಳ ಗಳಿಕೆಯನ್ನು ಆ ಫಾರ್ಮಿನಲ್ಲಿಯೇ ನಮೂದಿಸಬೇಕಾಗುತ್ತದೆ. ವಿದೇಶದಲ್ಲಿ ವಾಸಿಸುತ್ತ ದುಡಿಯುವವರಿಗೆ ವಿವರಪಟ್ಟಿಯ ಗಡುವು ಏಪ್ರಿಲ್ 15ರ ಬದಲು ಜೂನ್ 15. ಆದರೆ ಬಾಕಿ ತೆರಿಗೆಯ ಮೇಲಿನ ಬಡ್ಡಿ ಏಪ್ರಿಲಿನಿಂದಲೇ ಓಡುತ್ತದೆ. 330 ದಿನಗಳು ಇನ್ನೂ ತುಂಬದಿದ್ದಲ್ಲಿ ಫಾರ್ಮ್ 2350ರ ಮೂಲಕ ಹೆಚ್ಚಿನ ಕಾಲಾವಕಾಶ ಕೋರಬಹುದು.

ರಸ್ತೆಯ ಗಡಿಗಳಲ್ಲಿ ಪಾಸ್‌ಪೋರ್ಟಿಗೆ ಪ್ರತಿಬಾರಿಯೂ ಮುದ್ರೆ ಬೀಳುವುದಿಲ್ಲ. ಆದುದರಿಂದ ಹೊರಟ ಹಾಗೂ ಮರಳಿದ ದಿನಾಂಕ, ಗಂಟೆ, ಪ್ರಯಾಣದ ಉದ್ದೇಶ, ಅಂದು ಮಾಡಿದ ಕೆಲಸ ಇವುಗಳ ಒಂದು ಪುಸ್ತಕವನ್ನಿಟ್ಟು, ವಿಮಾನದ ಬೋರ್ಡಿಂಗ್ ಪಾಸುಗಳು ಮತ್ತು ಟೋಲ್ ರಸೀದಿಗಳನ್ನು ಅದರೊಡನೆ ಕಾಪಿಡುವುದು ಲೇಸು. ಸಣ್ಣ ಸಣ್ಣ ಪ್ರಯಾಣಗಳನ್ನು ಒಟ್ಟುಗೂಡಿಸಿ ಒಂದೆರಡು ದೀರ್ಘ ಭೇಟಿಗಳನ್ನಾಗಿಸುವುದು, 35 ದಿನಗಳ ಸಡಿಲಿಕೆಯಲ್ಲಿ ಐದಾರು ದಿನಗಳನ್ನು ಅನಿರೀಕ್ಷಿತ ಕಾರಣಗಳಿಗೆ ಮೀಸಲಿಡುವುದು, ಪ್ರತಿ ತಿಂಗಳ ಕೊನೆಗೆ ಉಳಿದ ದಿನಗಳನ್ನು ಎಣಿಸಿ ಬರೆದಿಡುವುದು ಇವು ಮೂರು ಸರಳ ಕ್ರಮಗಳು. ನಗದು ಪುಸ್ತಕವನ್ನು ದಿನವೂ ತಾಳೆ ನೋಡುವ ವ್ಯಾಪಾರಿಗೆ ದಿನಗಳ ಪುಸ್ತಕವನ್ನು ತಾಳೆ ನೋಡುವುದು ಹೊರೆಯಾಗಲಾರದು.